ಲೆಕ್ಕದ ವಲಸೆ: ಬಸವಾಪಟ್ಟಣದ ಕೊಳಗದಿಂದ ಬೆಂಗಳೂರಿನ ಫ್ಲೋಸಾಲ್ವರ್‌ವರೆಗೆ

ಇಂದಿನ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿಗೆ ಸೇರಿದ ಬಸವಾಪಟ್ಟಣ ಹಿಂದೆ ಪಾಳೆಯಗಾರರ ನೆಲೆಯಾಗಿದ್ದು, ಬಳಿಕ ಬಿಜಾಪುರದ ಆದಿಲ್‌ಶಾಹಿಗಳ ವಶಕ್ಕೆ ಹೋಗಿ, 1687ರಲ್ಲಿ ಮೊಗಲರು ಶಿರಾ ಸುಬಾವನ್ನು ರಚಿಸಿದಾಗ ಅದರ ಏಳು ಪರಗಣೆಗಳಲ್ಲಿ ಒಂದಾಗಿ, ಕೊನೆಗೆ ಮೈಸೂರು ಸಂಸ್ಥಾನದಲ್ಲಿ ಸೇರಿಹೋಯಿತು. ಒಡೆಯರು ಬದಲಾದಂತೆಲ್ಲ ಶಾನುಭೋಗರ ಲೆಕ್ಕ ಹೊಸ ಕಚೇರಿಗೆ, ಹೊಸ ನಾಣ್ಯಕ್ಕೆ, ಹೊಸ ಪಾರಿಭಾಷಿಕ ಪದಗಳಿಗೆ ಹೊಂದಿಕೊಳ್ಳಬೇಕಾಯಿತು. ಹಳೆಯ ಮೈಸೂರು ಸೀಮೆಯ ಬಹುಭಾಗದಲ್ಲಿ ಬೆದ್ದಲು ಭೂಮಿಯ ವಿಸ್ತಾರವನ್ನು ಅದಕ್ಕೆ ಬೇಕಾಗುವ ಬಿತ್ತನೆ ಬೀಜದ ಅಳತೆಯಿಂದ ಹೇಳುವ ರೂಢಿಯಿತ್ತು. ಇಷ್ಟು ಕೊಳಗದ ಹೊಲ, ಇಷ್ಟು ಖಂಡುಗದ ಹೊಲ ಎಂಬ ಮಾತಿನಲ್ಲಿ 20 ಕೊಳಗಕ್ಕೆ ಒಂದು ಖಂಡುಗವೆಂಬ ಕೋಷ್ಟಕವೂ, ಆ ನೆಲದ ಗುಣವೂ ಒಟ್ಟಿಗೆ ಅಡಗಿದ್ದವು. ತೋಟಗಳನ್ನು ಮರಗಳ ಎಣಿಕೆಯಿಂದಲೇ ಗುರುತಿಸುವುದೂ ಇತ್ತು.

1863ರಲ್ಲಿ ಮೈಸೂರಿನಲ್ಲಿ ಆರಂಭವಾದ ಕಂದಾಯ ಮೋಜಣಿಯು ಬೊಂಬಾಯಿ ಪದ್ಧತಿಯನ್ನು ಅನುಸರಿಸಿ, 33 ಅಡಿ ಉದ್ದದ ಸರಪಳಿಯಿಂದ ಹೊಲಗಳನ್ನು ಅಳೆದು, 33 ಅಡಿ ಚದರಕ್ಕೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ ಎಂಬ ಲೆಕ್ಕವನ್ನು ಕಡತಗಳಲ್ಲಿ ನೆಲೆಗೊಳಿಸಿತು. ಕೊಳಗವನ್ನು ಒಂದು ನಿಶ್ಚಿತ ಸಂಖ್ಯೆಯಿಂದ ಗುಣಿಸಿ ಎಕರೆಯನ್ನು ಪಡೆಯುವಂತಿರಲಿಲ್ಲ, ಏಕೆಂದರೆ ಒಂದೇ ಕೊಳಗ ಬೀಜ ಎರೆ ಮಣ್ಣಿನಲ್ಲಿ ಆವರಿಸುವ ನೆಲವೂ ಮರಳು ಮಣ್ಣಿನಲ್ಲಿ ಆವರಿಸುವ ನೆಲವೂ ಬೇರೆ ಬೇರೆ. ಬೀಜದ ಅಳತೆಯೊಳಗೆ ಹೇಳದೆಯೇ ಸೇರಿಕೊಂಡಿದ್ದ ಮಣ್ಣಿನ ಗುಣ ಎಕರೆಯ ಅಳತೆಯಲ್ಲಿ ಜಾರಿಹೋದದ್ದರಿಂದ, ಮಣ್ಣನ್ನು ಆಣೆಗಳ ಲೆಕ್ಕದಲ್ಲಿ ತರಗತಿಗಳಾಗಿ ವಿಂಗಡಿಸುವ ಪ್ರತ್ಯೇಕ ಕೆಲಸವನ್ನೇ ಮೋಜಣಿಯವರು ಕೈಗೊಳ್ಳಬೇಕಾಯಿತು. ಲೆಕ್ಕದ ವಿಧಿಯೊಂದು ತನ್ನ ಊರನ್ನು ಬಿಟ್ಟು ಹೊರಟಾಗ, ಆ ಊರಿನ ನೆಲವೂ ಅದರೊಳಗೆ ಸೇರಿತ್ತೆಂಬುದು ಆಗಲೇ ಮೊದಲ ಬಾರಿಗೆ ತಿಳಿಯುತ್ತದೆ.

ಈ ಅರಿವು ಕನ್ನಡ ನಾಡಿನ ಗಣಿತಕ್ಕೆ ಹೊಸದಾಗಿರಲಿಲ್ಲ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ವನ್ನು ಸಂಜ್ಞಾಧಿಕಾರದಿಂದ ಆರಂಭಿಸಿ, ಉದ್ದ, ಕಾಲ, ಧಾನ್ಯ, ಚಿನ್ನ ಮೊದಲಾದವುಗಳ ಮಾನಗಳನ್ನು ಅಲ್ಲಿಯೇ ವಿವರಿಸಿದ ಬಳಿಕ ಸೂತ್ರಗಳಿಗೆ ಹೋಗುತ್ತಾನೆ. ಬದಲಾಗಬಲ್ಲ ಮಾನಗಳನ್ನು ಒಂದು ಕಡೆ, ಬದಲಾಗದ ಸೂತ್ರಗಳನ್ನು ಇನ್ನೊಂದು ಕಡೆ ಇಡುವ ಈ ಏರ್ಪಾಡಿದ್ದ ಗ್ರಂಥವು 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನ ಕೈಯಲ್ಲಿ ತೆಲುಗಿಗೆ ಬಂದಿತು. 12ನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ 'ವ್ಯವಹಾರಗಣಿತ'ವನ್ನು ರಚಿಸಿದನು. ಸೂತ್ರವನ್ನು ಮಾನದಿಂದ ಬಿಡಿಸಿ ಇಡುವ ಈ ಹಳೆಯ ಶಿಸ್ತನ್ನು ಗಣಕಯಂತ್ರದ ಕಾಲದವರು ಮತ್ತೆ ಮೊದಲಿನಿಂದ, ಬಹಳ ನಷ್ಟವನ್ನು ಅನುಭವಿಸಿದ ಮೇಲೆ, ಕಲಿತುಕೊಂಡರು.

ಗಣಕಯಂತ್ರದ ಸಂದರ್ಭದಲ್ಲಿ ಲೆಕ್ಕದ ವಿಧಿಯನ್ನು ಬರೆದಿಟ್ಟ ರೂಪಕ್ಕೆ ಪ್ರೋಗ್ರಾಂ ಎಂದೂ, ಒಂದು ಯಂತ್ರಕ್ಕಾಗಿ ಬರೆದ ಪ್ರೋಗ್ರಾಂ ಅನ್ನು ಬೇರೆ ಜಾತಿಯ ಯಂತ್ರದಲ್ಲಿ ನಡೆಯುವಂತೆ ಮಾಡುವ ಕೆಲಸಕ್ಕೆ ಪೋರ್ಟಿಂಗ್ ಎಂದೂ ಹೆಸರು. ಮನುಷ್ಯರು ಓದಬಲ್ಲ ಭಾಷೆಯಲ್ಲಿರುವ ಬರಹವನ್ನು ಯಂತ್ರದ ಆದೇಶಗಳಾಗಿ ಬದಲಿಸುವ ಕಂಪೈಲರ್ ಮತ್ತು ಹಾಗೆ ಬದಲಾದ ತುಣುಕುಗಳನ್ನು ಗ್ರಂಥಾಲಯಗಳ, ಅಂದರೆ ಮೊದಲೇ ಬರೆದಿಟ್ಟ ಪ್ರೋಗ್ರಾಂ ಭಾಗಗಳ ಸಂಗ್ರಹಗಳ, ಜೊತೆ ಹೆಣೆಯುವ ಲಿಂಕರ್, ಈ ಎರಡರ ಕೆಲಸವನ್ನು ಸೇರಿಸಿ ಬಿಲ್ಡ್ ಎನ್ನುತ್ತಾರೆ. ಈ ಹಾದಿಯಲ್ಲಿ ಎಲ್ಲಿಯಾದರೂ ಯಂತ್ರ ಮುಂದೆ ಹೋಗಲು ನಿರಾಕರಿಸಿದರೆ ಅದು ಬಿಲ್ಡ್ ವೈಫಲ್ಯ. 1957ರಲ್ಲಿ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಐಬಿಎಂ 704 ಯಂತ್ರಕ್ಕಾಗಿ ರೂಪಿಸಿದ ಫೋರ್ಟ್ರಾನ್ ಭಾಷೆ, ಗಣಿತದ ಸೂತ್ರವನ್ನು ಹೆಚ್ಚುಕಡಿಮೆ ಸೂತ್ರದಂತೆಯೇ ಬರೆಯುವ ಅವಕಾಶ ಕೊಟ್ಟದ್ದರಿಂದ, ಬರಹ ಯಾವ ಯಂತ್ರದಲ್ಲಾದರೂ ನಡೆಯುತ್ತದೆಂಬ ಭರವಸೆ ಹುಟ್ಟಿತು. ಭಾರತದಲ್ಲಿ ಆ ಭರವಸೆ ಮೊದಲಿನಿಂದಲೂ ಕಠಿಣ ಪರೀಕ್ಷೆಗೆ ಒಳಗಾಯಿತು, ಏಕೆಂದರೆ ಇಲ್ಲಿಗೆ ಬಂದ ಯಂತ್ರಗಳು ಕೆಲವೇ, ಅವುಗಳ ಜಾತಿಗಳು ಹಲವು: 1963ರಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620, 1964ರಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸಿಡಿಸಿ 3600, 1970ರ ಹೊತ್ತಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಐಬಿಎಂ 360ರ 44ನೆಯ ಮಾದರಿ.

ಈ 44ನೆಯ ಮಾದರಿಯು ವೈಜ್ಞಾನಿಕ ಲೆಕ್ಕಕ್ಕೆಂದೇ ತಯಾರಾದದ್ದು. ಅದರ ಮುಂಭಾಗದ ಫಲಕದಲ್ಲಿದ್ದ ಒಂದು ತಿರುಗುಗುಂಡಿ ಇಲ್ಲಿನ ಕಥೆಗೆ ಬಹಳ ಮುಖ್ಯವಾದುದು. ಯಂತ್ರವು ದೊಡ್ಡ ಮತ್ತು ಚಿಕ್ಕ ಸಂಖ್ಯೆಗಳನ್ನು ಒಂದು ಭಿನ್ನಭಾಗ ಹಾಗೂ ಒಂದು ಘಾತ ಎಂದು ಒಡೆದು ಇಟ್ಟುಕೊಳ್ಳುವ ಕ್ರಮಕ್ಕೆ ಫ್ಲೋಟಿಂಗ್ ಪಾಯಿಂಟ್ ಎನ್ನುತ್ತಾರೆ. ಭಿನ್ನಭಾಗಕ್ಕೆ ಎಷ್ಟು ಬಿಟ್‌ಗಳಿವೆಯೋ ಅಷ್ಟು ನಿಖರತೆ. 44ನೆಯ ಮಾದರಿಯಲ್ಲಿ ಆ ಗುಂಡಿಯನ್ನು ತಿರುಗಿಸಿ ದೀರ್ಘ ಸಂಖ್ಯೆಗಳ ಭಿನ್ನಭಾಗವನ್ನು 32, 40, 48 ಅಥವಾ 56 ಬಿಟ್‌ಗಳಿಗೆ ಇಡಬಹುದಾಗಿತ್ತು, ನಿಖರತೆ ಇಳಿದಷ್ಟೂ ವೇಗ ಏರುತ್ತಿತ್ತು. ಹಾಗಾಗಿ ಒಂದೇ ಪ್ರೋಗ್ರಾಂ, ಒಂದೇ ದತ್ತಾಂಶ, ಒಂದೇ ಯಂತ್ರವಿದ್ದರೂ ಗುಂಡಿ ಎಲ್ಲಿತ್ತೆಂಬುದರ ಮೇಲೆ ಉತ್ತರದ ಕೊನೆಯ ಅಂಕಿಗಳು ಬದಲಾಗಬಹುದಾಗಿತ್ತು, ಮತ್ತು ಆ ಸಂಗತಿ ಪ್ರೋಗ್ರಾಂನ ಬರಹದಲ್ಲಿ ಎಲ್ಲಿಯೂ ಕಾಣುತ್ತಿರಲಿಲ್ಲ. ಬಿತ್ತನೆಯ ಕೊಳಗದಲ್ಲಿ ಮಣ್ಣಿನ ಗುಣ ಅಡಗಿದ್ದ ರೀತಿಯೂ ಇದೇ.

1980ರ ದಶಕದ ಆರಂಭದಲ್ಲಿ ವಿಜ್ಞಾನ ಸಂಸ್ಥೆಗೆ ಡೆಕ್ ಕಂಪನಿಯ ಡೆಕ್‌ಸಿಸ್ಟಂ 1090 ಬಂದಾಗ, ಒಂದು ದಶಕ ಕಾಲ 360ರಲ್ಲಿ ಬೆಳೆದಂಥ ಪ್ರೋಗ್ರಾಂಗಳು ಎದುರಿಸಬೇಕಾಗಿದ್ದ ಅಂತರ ಸಾಮಾನ್ಯವಾದುದಲ್ಲ. ಐಬಿಎಂ ಯಂತ್ರವು ಒಮ್ಮೆಗೆ ಕೈಗೆತ್ತಿಕೊಳ್ಳುವ ಸಂಖ್ಯೆಯ ಗಾತ್ರ, ಅಂದರೆ ವರ್ಡ್, 32 ಬಿಟ್; ಡೆಕ್ ಯಂತ್ರದ್ದು 36 ಬಿಟ್. ಐಬಿಎಂ ಅಕ್ಷರಗಳನ್ನು ಎಬ್‌ಸಿಡಿಕ್ ಎಂಬ ಸಂಕೇತದಲ್ಲಿ ವರ್ಡ್‌ಗೆ 4ರಂತೆ ಇಟ್ಟರೆ, ಡೆಕ್ ಆಸ್ಕಿ ಸಂಕೇತದಲ್ಲಿ 5ರಂತೆ ಇಡುತ್ತಿತ್ತು. ದಾವಣಗೆರೆ ಎಂಬ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ 10 ಅಕ್ಷರ. ಅದು 360ರಲ್ಲಿ 3 ವರ್ಡ್‌ಗಳನ್ನೂ ಡೆಕ್‌ನಲ್ಲಿ 2 ವರ್ಡ್‌ಗಳನ್ನೂ ತುಂಬುತ್ತದೆ. ವರ್ಡ್‌ಗೆ 4 ಅಕ್ಷರವೆಂದು ನಂಬಿ ಬರೆದ ಮುದ್ರಣದ ಸಾಲನ್ನು ಹಾಗೆಯೇ ಡೆಕ್‌ಗೆ ಒಯ್ದರೆ ಪ್ರತಿ ಐದನೆಯ ಅಕ್ಷರ ಬಿದ್ದುಹೋಗಿ ಊರಿನ ಹೆಸರೇ ಅಂಗಹೀನವಾಗುತ್ತಿತ್ತು. ಇಂಥ ದೋಷಗಳು ಕಣ್ಣಿಗೆ ಬೀಳುವುದರಿಂದ ಅವನ್ನು ಸರಿಪಡಿಸುವುದು ಸುಲಭ. ಕಾಗದದ ಮೇಲೆ ಅಚ್ಚುಕಟ್ಟಾಗಿ ಮುದ್ರಿತವಾಗಿ ಬರುವ ತಪ್ಪು ಅಂಕಿಗಳೇ ನಿಜವಾದ ಅಪಾಯ.

ಅದಕ್ಕೆ ಒಳ್ಳೆಯ ನಿದರ್ಶನ ರಾಂಡು. ಐಬಿಎಂ ಕಂಪನಿಯು ತನ್ನ ಯಂತ್ರಗಳ ಜೊತೆ ಹಂಚುತ್ತಿದ್ದ ವೈಜ್ಞಾನಿಕ ಉಪಕ್ರಮಗಳ, ಅಂದರೆ ಬೇರೆ ಪ್ರೋಗ್ರಾಂಗಳು ಬೇಕಾದಾಗ ಕರೆದು ಬಳಸುವ ಕಿರುಪ್ರೋಗ್ರಾಂಗಳ, ಸಂಗ್ರಹದಲ್ಲಿದ್ದ ಈ ಪುಟ್ಟ ಉಪಕ್ರಮವು 0 ಮತ್ತು 1ರ ನಡುವಣ ಯಾದೃಚ್ಛಿಕ ಸಂಖ್ಯೆಗಳನ್ನು, ಅಂದರೆ ಕ್ರಮವಿಲ್ಲದಂತೆ ಕಾಣುವ ಸಂಖ್ಯೆಗಳನ್ನು, ಒಂದರ ಹಿಂದೆ ಒಂದರಂತೆ ಕೊಡುತ್ತಿತ್ತು. ಹಿಂದಿನ ಸಂಖ್ಯೆಯನ್ನು 65539ರಿಂದ ಗುಣಿಸುವುದು, ಗುಣಲಬ್ಧವು 32 ಬಿಟ್‌ಗಳನ್ನು ಮೀರಿದಾಗ ಮೇಲಿನ ಭಾಗ ತಾನಾಗಿ ಉದುರಿಹೋಗಲು ಬಿಡುವುದು, ಉಳಿದದ್ದು ಋಣವಾದರೆ ಒಂದು ದೊಡ್ಡ ಸಂಖ್ಯೆಯನ್ನು ಕೂಡಿಸುವುದು, ಇಷ್ಟೇ ಅದರ ತಂತ್ರ. ಉದುರುವ ಕೆಲಸವನ್ನು ಯಂತ್ರದ ಅಗಲಕ್ಕೇ ಬಿಟ್ಟಿದ್ದರಿಂದ, 36 ಬಿಟ್‌ಗಳ ಯಂತ್ರದಲ್ಲಿ ಅದು ಬೇರೆ ಜಾಗದಲ್ಲಿ ಉದುರಿ, 1ನ್ನು ಮೀರಿದ ಸಂಖ್ಯೆಗಳೂ ಹೊರಬರಬಹುದಾಗಿತ್ತು; ಕಂಪೈಲರ್ ಮಾತ್ರ ಒಂದು ದೂರನ್ನೂ ಹೇಳದೆ ಅದನ್ನು ಅಂಗೀಕರಿಸುತ್ತಿತ್ತು. ರಾಂಡು ತನ್ನ ತವರಿನಲ್ಲಿಯೇ ದೋಷಪೂರಿತವಾಗಿತ್ತೆಂಬುದು ಬಹಳ ಕಾಲ ಹೆಚ್ಚಿನ ಬಳಕೆದಾರರಿಗೆ ತಿಳಿದಿರಲಿಲ್ಲ: ಅದರ ಸಂಖ್ಯೆಗಳನ್ನು ಮೂರು ಮೂರಾಗಿ ತೆಗೆದುಕೊಂಡು ಬಿಂದುಗಳಾಗಿ ಗುರುತಿಸಿದರೆ ಎಲ್ಲವೂ ಕೇವಲ 15 ಸಮತಲಗಳ ಮೇಲೆ ಬಂದು ನಿಲ್ಲುತ್ತವೆ.

ವ್ಯಾಪ್ತಿಯ ಪ್ರಶ್ನೆಯೂ ಇದಕ್ಕೆ ಸೇರುತ್ತದೆ. ಐಬಿಎಂ 360ರ ಘಾತವು 16ರ ಆಧಾರದ್ದಾಗಿದ್ದು, ಸುಮಾರು 10ರ 75ನೆಯ ಘಾತದವರೆಗಿನ ಸಂಖ್ಯೆಗಳಿಗೆ ಸ್ಥಳ ಕೊಡುತ್ತಿತ್ತು. ಡೆಕ್ ಯಂತ್ರದ 2ರ ಆಧಾರದ ಘಾತ ಸುಮಾರು 10ರ 38ನೆಯ ಘಾತಕ್ಕೇ ಮುಗಿಯುತ್ತಿತ್ತು. ದೊಡ್ಡ ನಿರ್ಧಾರಕವೊಂದರ ಬೆಲೆಯನ್ನು ಗುಣಿಸುತ್ತಾ ಹೋಗುವ ಪ್ರೋಗ್ರಾಂ ಒಂದೆಡೆ ನಿರಾತಂಕವಾಗಿ ಮುಗಿದು, ಇನ್ನೊಂದೆಡೆ ನಡುದಾರಿಯಲ್ಲಿ ಉಕ್ಕಿ ನಿಲ್ಲುವುದಕ್ಕೆ ಇದೇ ಕಾರಣ. ಇದಕ್ಕೆ ತಿರುಗುಮುರುಗಾಗಿ, 16ರ ಆಧಾರದಿಂದಾಗಿ ಐಬಿಎಂ ಸಂಖ್ಯೆಯ ಭಿನ್ನಭಾಗದ 24 ಬಿಟ್‌ಗಳಲ್ಲಿ 3 ಬಿಟ್‌ಗಳಷ್ಟು ಕೆಲವೊಮ್ಮೆ ಸೊನ್ನೆಗಳಾಗಿ ವ್ಯರ್ಥವಾಗುತ್ತಿದ್ದು, ಡೆಕ್‌ಗೆ ಬಂದ ಲೆಕ್ಕ ಹಿಂದಿಗಿಂತ ಹೆಚ್ಚು ನಿಖರವಾಗುವುದೂ ಇತ್ತು. ಉತ್ತರ ಬದಲಾಯಿತೆಂಬ ಒಂದೇ ಕಾರಣಕ್ಕೆ ಹೊಸ ಯಂತ್ರವನ್ನು ದೂರುವುದು ಆಗ ತಪ್ಪಾಗುತ್ತಿತ್ತು.

ಇಂಥ ತೊಡಕುಗಳಿಂದಲೇ ಸಂಜ್ಞಾಧಿಕಾರವನ್ನು ನೆನಪಿಸುವ ಒಂದು ಪರಿಹಾರ ಹುಟ್ಟಿತು. 1970ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ರೂಪಿಸಿದ ಪೋರ್ಟ್ ಎಂಬ ಗಣಿತ ಗ್ರಂಥಾಲಯದಲ್ಲಿ, ಯಂತ್ರದ ಅತಿ ದೊಡ್ಡ ಸಂಖ್ಯೆ ಯಾವುದು, 1ಕ್ಕೆ ಕೂಡಿಸಿದಾಗ ವ್ಯತ್ಯಾಸ ತೋರುವ ಅತಿ ಚಿಕ್ಕ ಸಂಖ್ಯೆ ಎಷ್ಟು, ವರ್ಡ್‌ಗೆ ಎಷ್ಟು ಅಕ್ಷರ ಎಂಬಂಥ ವಿವರಗಳನ್ನೆಲ್ಲ ಮೂರು ಪುಟ್ಟ ಉಪಕ್ರಮಗಳೊಳಗೆ ಕೂಡಿಹಾಕಿ, ಉಳಿದ ಇಡೀ ಗ್ರಂಥಾಲಯವು ಅವುಗಳನ್ನೇ ಕೇಳಿ ನಡೆಯುವಂತೆ ಮಾಡಿದರು. ಆ ಮೂರು ಉಪಕ್ರಮಗಳಲ್ಲಿ ಹಲವು ಯಂತ್ರಗಳ ಅಂಕಿಗಳು ಸಾಲುಸಾಲಾಗಿ ಬರೆದಿದ್ದು, ಫೋರ್ಟ್ರಾನ್‌ನಲ್ಲಿ ಮೊದಲ ಕಂಬದ ಸಿ ಅಕ್ಷರವು ಸಾಲನ್ನು ಬರಿಯ ಟಿಪ್ಪಣಿಯಾಗಿಸುವುದರಿಂದ, ಸ್ಥಾಪಿಸುವವರು ತಮ್ಮ ಯಂತ್ರಕ್ಕೆ ಸೇರಿದ ಸಾಲುಗಳ ಮುಂದಿನ ಸಿ ಅನ್ನು ಅಳಿಸಿದರೆ ಸಾಕಾಗಿತ್ತು. ಬಳಿಕ ಬಂದ ಲ್ಯಾಪಾಕ್ ಗ್ರಂಥಾಲಯದಲ್ಲಿ ಯಂತ್ರದ ಈ ಗುಣಗಳನ್ನು ಪ್ರೋಗ್ರಾಂ ತಾನೇ ಲೆಕ್ಕ ಹಾಕಿ ಕಂಡುಕೊಳ್ಳುವಂತೆ ಮಾಡಿದಾಗ ಹೊಸದೊಂದು ತೊಂದರೆ ತಲೆದೋರಿತು: ವೇಗಕ್ಕಾಗಿ ಬರಹವನ್ನು ಮಾರ್ಪಡಿಸುವ ಕಂಪೈಲರ್‌ಗಳು ಆ ಪರೀಕ್ಷೆಯ ಅರ್ಥವನ್ನೇ ಕೆಡಿಸುತ್ತಿದ್ದುದರಿಂದ, ಆ ಒಂದು ಕಡತವನ್ನು ಮಾತ್ರ ಯಾವ ಮಾರ್ಪಾಟೂ ಇಲ್ಲದೆ ಕಂಪೈಲ್ ಮಾಡಬೇಕೆಂದು ಸ್ಥಾಪನೆಯ ಕೈಪಿಡಿಯಲ್ಲಿಯೇ ಎಚ್ಚರಿಸಬೇಕಾಯಿತು. 1985ರಲ್ಲಿ ಐಇಇಇ 754 ಎಂಬ ಮಾನಕವು ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಯ ರೂಪವನ್ನೂ ಪೂರ್ಣಾಂಕನದ ನಿಯಮವನ್ನೂ ನಿಗದಿಪಡಿಸಿದ ಮೇಲೆ ಈ ಬಗೆಯ ಭೇದಗಳು ಕಡಿಮೆಯಾಗತೊಡಗಿದರೂ, ಹಳೆಯ ಯಂತ್ರಗಳು ಒಂದೇ ದಿನದಲ್ಲಿ ಮರೆಯಾಗಲಿಲ್ಲ.

1990ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಸೂಪರ್‌ಕಂಪ್ಯೂಟರ್ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ರೂಪುಗೊಂಡು, ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ವರ್ಕ್‌ಸ್ಟೇಷನ್‌ಗಳು ಬಳಕೆಗೆ ಬಂದ ಕಾಲಕ್ಕೆ ವೈಫಲ್ಯಗಳ ಸ್ವರೂಪವೂ ಬದಲಾಯಿತು. ಹಲವು ಯುನಿಕ್ಸ್ ಕಂಪೈಲರ್‌ಗಳು ಫೋರ್ಟ್ರಾನ್ ಉಪಕ್ರಮದ ಹೆಸರಿನ ಕೊನೆಗೆ ಒಂದು ಅಡಿಗೆರೆಯನ್ನು ಸೇರಿಸಿದರೆ, ಐಬಿಎಂ ಆರ್‌ಎಸ್ 6000ದ ಕಂಪೈಲರ್ ಸೇರಿಸುತ್ತಿರಲಿಲ್ಲ. ಹೀಗಾಗಿ ಒಂದು ರೂಢಿಯ ತುಣುಕನ್ನು ಇನ್ನೊಂದು ರೂಢಿಯದರ ಜೊತೆ ಹೆಣೆಯುವಾಗ, ಉಪಕ್ರಮ ಕಣ್ಣೆದುರಿಗೇ ಇದ್ದರೂ ಅಂಥ ಹೆಸರಿನದು ಸಿಕ್ಕಲಿಲ್ಲವೆಂದು ಲಿಂಕರ್ ಕೈಚೆಲ್ಲುತ್ತಿತ್ತು. ಇದಕ್ಕಿಂತ ಸೂಕ್ಷ್ಮವಾದದ್ದು ನೆನಪಿನ ಪ್ರಶ್ನೆ. ಹಳೆಯ ಮೇನ್‌ಫ್ರೇಂ ಕಂಪೈಲರ್‌ಗಳು ಸಾಮಾನ್ಯವಾಗಿ ಉಪಕ್ರಮದೊಳಗಿನ ಚರಗಳಿಗೆ ಸ್ಥಿರವಾದ ಜಾಗ ಕೊಡುತ್ತಿದ್ದುದರಿಂದ ಒಂದು ಕರೆಯಲ್ಲಿ ಇಟ್ಟ ಬೆಲೆ ಮುಂದಿನ ಕರೆಯಲ್ಲಿಯೂ ಇರುತ್ತಿತ್ತು; ಚರಗಳನ್ನು ತಾತ್ಕಾಲಿಕ ಜಾಗದಲ್ಲಿಡುವ ಹೊಸ ಕಂಪೈಲರ್‌ಗಳಲ್ಲಿ ಅದು ಅಳಿಸಿಹೋಗುತ್ತಿತ್ತು. ಬೆಲೆಯನ್ನು ಉಳಿಸಿಕೊಳ್ಳಬೇಕೆಂದು ಸ್ಪಷ್ಟವಾಗಿ ಹೇಳುವ ಸೇವ್ ಎಂಬ ಆದೇಶ 1977ರ ಫೋರ್ಟ್ರಾನ್ ಮಾನಕದಲ್ಲಿಯೇ ಇದ್ದರೂ, ಇಲ್ಲದೆಯೂ ನಡೆಯುತ್ತಿದ್ದ ಕಾರಣ ಬಹಳ ಜನ ಅದನ್ನು ಬರೆದಿರಲಿಲ್ಲ.

ಕರ್ನಾಟಕದಲ್ಲಿ ಈ ಕಸುಬು ತನ್ನ ಪೂರ್ಣ ಗಾಂಭೀರ್ಯವನ್ನು ತೋರಿದ್ದು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ. ದ್ರವ ಮತ್ತು ಅನಿಲಗಳ ಚಲನೆಯ ಸಮೀಕರಣಗಳನ್ನು ಬಿಡಿಸಲು ಬೇಕಾದ ಶಕ್ತಿಶಾಲಿ ಯಂತ್ರಗಳು ದುಬಾರಿಯೂ ರಫ್ತು ನಿರ್ಬಂಧಗಳಿಗೆ ಒಳಪಟ್ಟವೂ ಆಗಿದ್ದ ಕಾಲದಲ್ಲಿ, ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ಆ ಸಂಸ್ಥೆಯಲ್ಲಿ ಯು. ಎನ್. ಸಿನ್ಹಾ ಮತ್ತು ಸಂಗಡಿಗರು ಪೇಟೆಯಲ್ಲಿ ಸಿಗುವ ಸಾಮಾನ್ಯ ಪ್ರೊಸೆಸರ್‌ಗಳನ್ನೇ ಜೋಡಿಸಿ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವನ್ನು, ಅಂದರೆ ಒಂದೇ ಲೆಕ್ಕವನ್ನು ಹಲವು ಪ್ರೊಸೆಸರ್‌ಗಳು ಹಂಚಿಕೊಂಡು ಮಾಡುವ ಯಂತ್ರವನ್ನು, ಕಟ್ಟಿದರು. 1986ರಲ್ಲಿ ನಡೆಯತೊಡಗಿದ ಅದರ ಮೊದಲ ಮಾದರಿಯಲ್ಲಿ ಇಂಟೆಲ್ 8086 ಮತ್ತು ಅದರ ಗಣಿತ ಸಹಾಯಕ 8087ರ ನಾಲ್ಕು ಜೋಡಿಗಳಿದ್ದವು. ಮುಂದಿನ ಮಾದರಿಗಳಲ್ಲಿ ಇಂಟೆಲ್ ಐ860 ಪ್ರೊಸೆಸರ್ ಬಂದಿತು. 8087 ತನ್ನೊಳಗೆ ಸಂಖ್ಯೆಗಳನ್ನು 80 ಬಿಟ್‌ಗಳಲ್ಲಿ ಇಟ್ಟುಕೊಂಡು, ಸ್ಮೃತಿಗೆ ಬರೆಯುವಾಗ ಮಾತ್ರ 64 ಅಥವಾ 32 ಬಿಟ್‌ಗಳಿಗೆ ಕತ್ತರಿಸುತ್ತಿದ್ದುದರಿಂದ, ಪರೀಕ್ಷೆಗೆಂದು ನಡುವೆ ಒಂದು ಮುದ್ರಣದ ಸಾಲನ್ನು ಸೇರಿಸಿದರೂ ಉತ್ತರ ಬದಲಾಗಬಹುದಾದ ಸ್ಥಿತಿ ಅಲ್ಲಿತ್ತು.

ಹೊಸದಿಲ್ಲಿಯಲ್ಲಿ ಮಧ್ಯಮಾವಧಿ ಹವಾಮಾನ ಮುನ್ಸೂಚನೆಯ ರಾಷ್ಟ್ರೀಯ ಕೇಂದ್ರಕ್ಕೆಂದು ಅಮೆರಿಕದಿಂದ ತರಿಸಿದ ಕ್ರೇ ಎಕ್ಸ್-ಎಂಪಿ 14 ಯಂತ್ರ 1989ರಲ್ಲಿ ಕೆಲಸ ಆರಂಭಿಸಿತ್ತು. ಅಮೆರಿಕದ ರಾಷ್ಟ್ರೀಯ ಹವಾಮಾನ ಕೇಂದ್ರದ ಮಾದರಿಯಿಂದ ಬಂದ ಟಿ80 ಎಂಬ ಭೂಮಂಡಲದ ವಾತಾವರಣದ ಪ್ರೋಗ್ರಾಂ ಆ ಯಂತ್ರದಲ್ಲಿ 1994ರಿಂದ ನಿತ್ಯದ ಮುನ್ಸೂಚನೆಗೆ ಬಳಕೆಯಾಯಿತು. ಅದೇ ಪ್ರೋಗ್ರಾಂ ಅನ್ನು ಭಾರತದಲ್ಲಿಯೇ ತಯಾರಾದ ಸಮಾಂತರ ಗಣಕಗಳಲ್ಲಿ ನಡೆಸಿ ನೋಡುವ ಪ್ರಯತ್ನ 1990ರ ದಶಕದಲ್ಲಿ ಹಲವೆಡೆ ನಡೆಯಿತು. ಸಿ-ಡ್ಯಾಕ್ ಸಂಸ್ಥೆಯ ಪರಂ, ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಅನುಪಮ ಮತ್ತು ಬೆಂಗಳೂರಿನ ಫ್ಲೋಸಾಲ್ವರ್ ಆ ಗಣಕಗಳಲ್ಲಿ ಸೇರಿದ್ದವು. ವಿಜ್ಞಾನ ಸಂಸ್ಥೆಯ ವಾತಾವರಣ ಮತ್ತು ಸಾಗರ ವಿಜ್ಞಾನ ಕೇಂದ್ರದ ರವಿ ನಂಜುಂಡಯ್ಯ ಅವರು ಸಿನ್ಹಾ ಅವರ ಜೊತೆ ಈ ಕೆಲಸದಲ್ಲಿ ದೀರ್ಘಕಾಲ ತೊಡಗಿದ್ದರು.

ಟಿ80 ಎಂಬ ಹೆಸರಿನ ಅಂಕಿಯು, ಭೂಗೋಳದ ಸುತ್ತ 80 ಅಲೆಗಳವರೆಗಿನ ಏರಿಳಿತಗಳನ್ನು ಈ ಮಾದರಿ ಹಿಡಿಯಬಲ್ಲದೆಂಬುದನ್ನು ಸೂಚಿಸುತ್ತದೆ. ಗಾಳಿ, ಉಷ್ಣತೆ, ತೇವಾಂಶಗಳನ್ನು 18 ಪದರಗಳಲ್ಲಿ, ಪ್ರತಿ ಪದರದಲ್ಲಿ 3321 ಅಲೆಗುಣಕಗಳ ಮೊತ್ತವಾಗಿ ಇಟ್ಟುಕೊಂಡು, ಮಳೆ ಮತ್ತು ಬಿಸಿಲಿನ ಲೆಕ್ಕಕ್ಕಾಗಿ ಅವನ್ನು ರೇಖಾಂಶದಲ್ಲಿ 256, ಅಕ್ಷಾಂಶದಲ್ಲಿ 128 ಬಿಂದುಗಳ ಬಲೆಯ ಮೇಲೆ ಹರಡಿ, ಮತ್ತೆ ಅಲೆಗಳಾಗಿ ಮಡಚುವುದು ಅದರ ಕ್ರಮ. ಬಸವಾಪಟ್ಟಣವಿರುವ ಅಕ್ಷಾಂಶದಲ್ಲಿ ಈ ಬಲೆಯ ಎರಡು ಬಿಂದುಗಳ ನಡುವಣ ದೂರ ಸುಮಾರು 150 ಕಿಲೋಮೀಟರ್. ನ್ಯಾಮತಿ, ಹೊನ್ನಾಳಿಗಳ ಮಲೆನಾಡಿನಂಚಿನ ನೆಲ, ಚನ್ನಗಿರಿಯ ಸೂಳೆಕೆರೆ, ಭದ್ರಾ ನಾಲೆಯ ಗದ್ದೆ ಮತ್ತು ಅಡಿಕೆ ತೋಟ, ಮಳೆಗಾಗಿ ಕಾಯುವ ಜಗಳೂರಿನ ಬೆದ್ದಲು ಎಲ್ಲವೂ ಅಂಥ ಒಂದು ಚೌಕದಲ್ಲಿ ಅಡಗಿಬಿಡುವಷ್ಟು ಹತ್ತಿರದವು. ಅಷ್ಟು ಒರಟಾದ ಚಿತ್ರವನ್ನು ಪಡೆಯುವುದಕ್ಕೂ ಆ ಕಾಲದ ಯಂತ್ರಗಳೆಲ್ಲ ಏದುಸಿರು ಬಿಡಬೇಕಾಗಿತ್ತು.

ಕ್ರೇ ಯಂತ್ರಕ್ಕಾಗಿ ಬೆಳೆದ ಇಂಥ ಪ್ರೋಗ್ರಾಂ ಅನ್ನು ಐ860ರಂಥ ಪ್ರೊಸೆಸರ್‌ಗೆ ತರುವಾಗ ಎದುರಾಗುವ ತೊಡಕುಗಳನ್ನು ಅವು ಬರುವ ಕ್ರಮದಲ್ಲಿಯೇ ನೋಡುವುದು ಉಪಯುಕ್ತ. ಮೊದಲು ನಿಲ್ಲಿಸುವುದು ಕಂಪೈಲರ್: ಕ್ರೇ ಕಂಪನಿಯು ತನ್ನ ಫೋರ್ಟ್ರಾನ್‌ಗೆ ಸೇರಿಸಿಕೊಂಡ ವಿಶೇಷ ಉಕ್ತಿಗಳು, ಅಂದರೆ ಸಂಖ್ಯೆಗಳ ಉದ್ದನೆಯ ಸಾಲಿನಿಂದ ಷರತ್ತಿಗೆ ತಕ್ಕಂತೆ ಆರಿಸುವ ಆದೇಶಗಳು, ಲೆಕ್ಕ ನಡೆಯುತ್ತಿರುವಾಗಲೇ ದತ್ತಾಂಶವನ್ನು ಓದುವ ಬಫರ್ ಆದೇಶಗಳು ಮೊದಲಾದವು ಬೇರೆ ಕಂಪೈಲರ್‌ಗೆ ಅಪರಿಚಿತ. ಅವನ್ನು ಸಾಮಾನ್ಯ ಫೋರ್ಟ್ರಾನ್‌ಗೆ ಇಳಿಸಿದ ಮೇಲೆ ಲಿಂಕರ್ ನಿಲ್ಲಿಸುತ್ತದೆ, ಏಕೆಂದರೆ ಅಲೆಗಳನ್ನು ಬಿಂದುಗಳಾಗಿ ಬಿಡಿಸುವ ವೇಗದ ಫೂರಿಯೆ ಪರಿವರ್ತನೆಯಂಥ ಕೆಲಸಗಳನ್ನು ಕ್ರೇಯ ಸ್ವಂತ ಗ್ರಂಥಾಲಯ ಮಾಡಿಕೊಡುತ್ತಿದ್ದು, ಆ ಗ್ರಂಥಾಲಯ ಹೊಸ ಯಂತ್ರದಲ್ಲಿ ಇಲ್ಲ. ಅದೇ ಹೆಸರಿನ, ಅದೇ ಬಗೆಯ ಬೆಲೆಗಳನ್ನು ಪಡೆಯುವ, ಆದರೆ ಒಳಗೆ ತಾವೇ ಬರೆದ ಉಪಕ್ರಮಗಳನ್ನು ಕೊಟ್ಟು ಲಿಂಕರ್ ಅನ್ನು ಒಪ್ಪಿಸಬೇಕು. ಆಗ ಬಿಲ್ಡ್ ಮುಗಿಯುತ್ತದೆ, ಆದರೆ ಪ್ರೋಗ್ರಾಂ ಇನ್ನೂ ಲೆಕ್ಕ ಮಾಡುವ ಸ್ಥಿತಿಗೆ ಬಂದಿರುವುದಿಲ್ಲ.

ಕ್ರೇಯಲ್ಲಿ ಸಾಮಾನ್ಯ ವಾಸ್ತವ ಸಂಖ್ಯೆಯೇ 64 ಬಿಟ್‌ಗಳದು. ಬೇರೆ ಯಂತ್ರಗಳಲ್ಲಿ ಅದೇ ಘೋಷಣೆ 32 ಬಿಟ್‌ಗಳ ಸಂಖ್ಯೆಯನ್ನು ಕೊಡುತ್ತದೆ. ಎಲ್ಲ ವಾಸ್ತವ ಸಂಖ್ಯೆಗಳನ್ನೂ ದ್ವಿಗುಣ ನಿಖರತೆಗೆ ಏರಿಸಿದರೆ, ಪೂರ್ಣಾಂಕಗಳು ಮಾತ್ರ 32 ಬಿಟ್‌ಗಳಲ್ಲಿಯೇ ಉಳಿದು, ಎರಡೂ ಬಗೆಯ ಸಂಖ್ಯೆಗಳು ಒಂದೇ ಸ್ಮೃತಿಯ ಜಾಗವನ್ನು ಹಂಚಿಕೊಂಡಿರುವ ಕಡೆಗಳಲ್ಲಿ ಸಾಲು ಜಾರಿ ಒಂದರ ಬೆಲೆ ಇನ್ನೊಂದರ ಮೇಲೆ ಬೀಳುತ್ತದೆ. ಮೊದಲ ದಿನದ ವಾತಾವರಣವನ್ನು ಹೇಳುವ ಕಡತಗಳೂ ಕ್ರೇಯ ಸ್ವಂತ ರೂಪದಲ್ಲಿರುತ್ತವೆ: 15 ಬಿಟ್‌ಗಳ ಘಾತ, 48 ಬಿಟ್‌ಗಳ ಭಿನ್ನಭಾಗ, ಮತ್ತು ಇಂಟೆಲ್ ಯಂತ್ರಗಳ ರೂಢಿಗೆ ತಿರುಗುಮುರುಗಾದ ಬೈಟ್‌ಗಳ ಕ್ರಮ. ಐಇಇಇ ಮಾನಕದ 64 ಬಿಟ್ ಸಂಖ್ಯೆಯಲ್ಲಿ ಘಾತಕ್ಕೆ 11 ಬಿಟ್‌ಗಳಿದ್ದು ಭಿನ್ನಭಾಗಕ್ಕೆ 53 ಬಿಟ್‌ಗಳ ನಿಖರತೆ ದೊರೆಯುತ್ತದೆ. ವ್ಯಾಪ್ತಿ ಕಿರಿದು, ನಿಖರತೆ ಹೆಚ್ಚು. ಆದ್ದರಿಂದ ಎರಡು ಯಂತ್ರಗಳ ಉತ್ತರಗಳು ಕೊನೆಯ ಅಂಕಿಯವರೆಗೆ ಒಂದಾಗುವುದು ಎಂದಿಗೂ ಸಾಧ್ಯವಿರಲಿಲ್ಲ.

ಲೆಕ್ಕವನ್ನು ಹಲವು ಪ್ರೊಸೆಸರ್‌ಗಳಿಗೆ ಹಂಚಿದಾಗ ಇನ್ನೊಂದು ಭೇದ ಬಂದು ಸೇರುತ್ತದೆ. 128 ಅಕ್ಷಾಂಶಗಳನ್ನು ಉತ್ತರ ದಕ್ಷಿಣ ಜೋಡಿಗಳಾಗಿ ಹಂಚಿಕೊಂಡ ಪ್ರೊಸೆಸರ್‌ಗಳು ತಮ್ಮ ತಮ್ಮ ಪಾಲಿನ ಮೊತ್ತವನ್ನು ಮಾಡಿ, ಬಳಿಕ ಆ ಪಾಲುಗಳನ್ನು ಕೂಡಿಸಿ ಅಲೆಗುಣಕಗಳನ್ನು ಪಡೆಯುತ್ತವೆ. ಕಾಗದದ ಮೇಲಿನ ಗಣಿತದಲ್ಲಿ ಕೂಡುವ ಕ್ರಮ ಬದಲಾದರೆ ಮೊತ್ತ ಬದಲಾಗುವುದಿಲ್ಲ. ಪ್ರತಿ ಹೆಜ್ಜೆಯಲ್ಲಿಯೂ ಕೊನೆಯ ಅಂಕಿಯನ್ನು ಕತ್ತರಿಸುವ ಯಂತ್ರದಲ್ಲಿ ಅದು ಬದಲಾಗುತ್ತದೆ. ವಾತಾವರಣದ ವಿಷಯದಲ್ಲಿ ಇದು ಸಣ್ಣ ಮಾತಲ್ಲವೆಂಬುದನ್ನು ಎಡ್ವರ್ಡ್ ಲೊರೆನ್ಸ್ 1961ರಲ್ಲಿಯೇ ಕಂಡಿದ್ದರು: 0.506127 ಎಂಬ ಸಂಖ್ಯೆಯ ಬದಲು 0.506 ಎಂದು ಕೊಟ್ಟು ಮತ್ತೆ ಆರಂಭಿಸಿದ ಅವರ ಪುಟ್ಟ ಮಾದರಿ ಸ್ವಲ್ಪ ಸಮಯದಲ್ಲಿಯೇ ಬೇರೆಯೇ ಹವಾಮಾನವನ್ನು ತೋರಿತ್ತು. ಐದನೆಯ ದಿನದ ಮುನ್ಸೂಚನೆಯಲ್ಲಿ ಕ್ರೇ ಮತ್ತು ಹೊಸ ಯಂತ್ರ ಬೇರೆ ಬೇರೆ ಮಳೆಯನ್ನು ಹೇಳಿದರೆ, ಅದು ಪೂರ್ಣಾಂಕನದ ಸಹಜ ಫಲವೋ, ಪೋರ್ಟಿಂಗ್‌ನಲ್ಲಿ ನುಸುಳಿದ ತಪ್ಪೋ ಎಂದು ನಿರ್ಣಯಿಸುವುದು ಈ ಕಸುಬಿನ ಅತ್ಯಂತ ಕಠಿಣ ಪ್ರಶ್ನೆ.

1997ರಲ್ಲಿ ಅಮೆರಿಕದ ರೊಸಿನ್‌ಸ್ಕಿ ಮತ್ತು ವಿಲಿಯಮ್‌ಸನ್ ಪ್ರಕಟಿಸಿದ ಲೇಖನವೊಂದು ಇದಕ್ಕೆ ವ್ಯವಸ್ಥಿತವಾದ ಉತ್ತರ ಕೊಟ್ಟಿತು. ಹಳೆಯ ಯಂತ್ರದಲ್ಲಿಯೇ ಆರಂಭದ ಉಷ್ಣತೆಯ ಕೊನೆಯ ಅಂಕಿಯನ್ನು ಬೇಕೆಂದೇ ಅಲುಗಾಡಿಸಿ, ಆ ಅಲುಗಾಟ ಗಂಟೆಗಂಟೆಗೆ ಎಷ್ಟು ಬೆಳೆಯುತ್ತದೆಂದು ಮೊದಲು ಗುರುತಿಸಿಕೊಳ್ಳಬೇಕು. ಎರಡು ಯಂತ್ರಗಳ ನಡುವಣ ವ್ಯತ್ಯಾಸ ಆ ಬೆಳವಣಿಗೆಯನ್ನು ಮೀರದಿದ್ದರೆ ಪೋರ್ಟಿಂಗ್ ಸರಿ, ಮೊದಲ ಕೆಲವು ಹೆಜ್ಜೆಗಳಲ್ಲಿಯೇ ಅದು ಜಿಗಿದರೆ ಎಲ್ಲಿಯೋ ತಪ್ಪಿದೆ. ಜಿಗಿತ ಕಂಡಾಗ ಮಾಡುವ ಹುಡುಕಾಟ ಮಾತ್ರ ಎಲ್ಲ ಕಾಲದಲ್ಲಿಯೂ ಒಂದೇ: ಕಂಪೈಲರ್‌ನ ವೇಗವರ್ಧನೆಯನ್ನು ನಿಲ್ಲಿಸಿ ನೋಡುವುದು, ಎರಡೂ ಯಂತ್ರಗಳಲ್ಲಿ ಒಂದೇ ಜಾಗದಲ್ಲಿ ನಡುವಿನ ಬೆಲೆಗಳನ್ನು ಮುದ್ರಿಸಿ ಸಾಲಿಗೆ ಸಾಲು ಹೋಲಿಸುವುದು, ಭೇದ ಕಂಡ ಭಾಗವನ್ನು ಅರ್ಧರ್ಧ ಮಾಡುತ್ತಾ ಒಂದೇ ಉಪಕ್ರಮಕ್ಕೆ, ಒಂದೇ ಸಾಲಿಗೆ ತಂದು ನಿಲ್ಲಿಸುವುದು. ವಾರಗಟ್ಟಲೆ ಹಿಡಿಯಬಲ್ಲ ಈ ಶ್ರಮ ಪ್ರಕಟಿತ ಪ್ರಬಂಧಗಳಲ್ಲಿ ಹೆಚ್ಚೆಂದರೆ ಒಂದು ವಾಕ್ಯದ ಜಾಗ ಪಡೆಯುತ್ತದೆ. ವಿಜ್ಞಾನದ ಇತಿಹಾಸವನ್ನು ಬರೆಯುವವರು ಯಂತ್ರ ಬಂದ ದಿನವನ್ನೂ ಉದ್ಘಾಟಿಸಿದವರ ಹೆಸರನ್ನೂ ದಾಖಲಿಸಿ, ಆ ಯಂತ್ರದ ಉತ್ತರವನ್ನು ನಂಬಬಹುದೆಂದು ತೋರಿಸಿಕೊಟ್ಟವರ ಕೆಲಸವನ್ನು ಬಿಟ್ಟುಬಿಡುವುದು ದೊಡ್ಡ ಅನ್ಯಾಯ.

ಬೆಂಗಳೂರಿನ ತಂಡ ತೇಪೆ ಹಾಕುವಷ್ಟಕ್ಕೆ ನಿಲ್ಲಲಿಲ್ಲವೆಂಬುದು ಗಮನಿಸಬೇಕಾದ ಸಂಗತಿ. 2000ದ ದಶಕದಲ್ಲಿ ಟಿ80ರ ಹಳೆಯ ಬರಹವನ್ನು ಫೋರ್ಟ್ರಾನ್ 90ರಲ್ಲಿ ಹೊಸದಾಗಿ ಕಟ್ಟಿ, ಸ್ಮೃತಿಯ ಜಾಗವನ್ನು ಗುಟ್ಟಾಗಿ ಹಂಚಿಕೊಳ್ಳುವ ಹಳೆಯ ರೂಢಿಗಳನ್ನು ತೊಡೆದು, 'ವರ್ಷ' ಎಂಬ ಹೆಸರಿನ ಮಾದರಿಯನ್ನು ಸಿದ್ಧಪಡಿಸಲಾಯಿತು. ಪ್ರೊಸೆಸರ್‌ಗಳ ನಡುವೆ ಪಾಲುಮೊತ್ತಗಳನ್ನು ಸಾಗಿಸುವಾಗಲೇ ಕೂಡಿಸಿಕೊಡುವ ಫ್ಲೋಸ್ವಿಚ್ ಎಂಬ ಸಾಧನವೂ ಅದೇ ಪ್ರಯೋಗಾಲಯದಲ್ಲಿ ರೂಪುಗೊಂಡಿತು. ಪ್ರೋಗ್ರಾಂ ಅನ್ನು ಯಂತ್ರಕ್ಕೆ ಒಗ್ಗಿಸುವ ದಾರಿಯಲ್ಲಿ ಹೊರಟವರು ಪ್ರೋಗ್ರಾಂಗೆ ತಕ್ಕ ಯಂತ್ರವನ್ನೇ ಮಾಡುವ ಹಂತವನ್ನು ತಲುಪಿದ್ದು, ಕನ್ನಡ ನಾಡಿನಲ್ಲಿ ನಡೆದ ಗಣಿತ ಸಂಬಂಧಿ ಕೆಲಸಗಳಲ್ಲಿ ಎತ್ತರದ ಸ್ಥಾನಕ್ಕೆ ಅರ್ಹವಾದುದು.

2025ರ ಮೇ ತಿಂಗಳಿನಲ್ಲಿ ಬಳಕೆಗೆ ಬಂದ ಭಾರತ್ ಮುನ್ಸೂಚನಾ ವ್ಯವಸ್ಥೆಯ ಬಲೆಯ ಕಣ್ಣು ಸುಮಾರು 6 ಕಿಲೋಮೀಟರ್ ಅಗಲದ್ದು. ಬಸವಾಪಟ್ಟಣ, ಹೊನ್ನಾಳಿ, ಜಗಳೂರುಗಳಿಗೆ ಅದರಲ್ಲಿ ಬೇರೆ ಬೇರೆ ಚೌಕಗಳು ದೊರೆತಿವೆ. ಯಂತ್ರಗಳೂ ಮತ್ತೆ ಬದಲಾಗುತ್ತಿವೆ. ಐಇಇಇ ಮಾನಕ ಎಲ್ಲೆಡೆ ನೆಲೆಗೊಂಡಿದ್ದರೂ, ಇಂಟೆಲ್ ವಂಶದ ಯಂತ್ರದಿಂದ ಆರ್ಮ್ ವಂಶದ ಯಂತ್ರಕ್ಕೆ ಹೋದರೆ, ಒಂದೆಡೆ ಸಾಮಾನ್ಯವಾಗಿ 80 ಬಿಟ್‌ಗಳಾಗಿದ್ದ ಅತಿದೀರ್ಘ ಸಂಖ್ಯೆ ಇನ್ನೊಂದೆಡೆ 128 ಅಥವಾ 64 ಬಿಟ್‌ಗಳಾಗುತ್ತದೆ. ಚಿಹ್ನೆ ಹೇಳದೆ ಬಿಟ್ಟ ಒಂದು ಬೈಟ್‌ನ ಅಕ್ಷರವು ಒಂದೆಡೆ ಋಣಸಂಖ್ಯೆಯನ್ನು ಹಿಡಿಯಬಲ್ಲದು, ಇನ್ನೊಂದೆಡೆ ಹಿಡಿಯಲಾರದು. ದೊಡ್ಡ ಪೂರ್ಣಾಂಕಗಳ ಗ್ರಂಥಾಲಯಗಳಲ್ಲಿ ಪ್ರತಿ ಪ್ರೊಸೆಸರ್‌ಗೂ ಕೈಯಿಂದ ಬರೆದ ಆದೇಶಗಳ ಭಾಗ ಹೊಸ ಯಂತ್ರವನ್ನು ಗುರುತಿಸದೆ ಬಿಲ್ಡ್ ಅನ್ನು ಅರ್ಧಕ್ಕೆ ನಿಲ್ಲಿಸಬಹುದು. ಆಗ ಕೆಲಸಕ್ಕೆ ಕುಳಿತವರು ಮೊದಲು ಮಾಡುವುದು, ಯಂತ್ರದ ಮಾನಗಳು ಇಂಥವೇ ಎಂದು ಪ್ರೋಗ್ರಾಂ ಯಾವ ಸಾಲುಗಳಲ್ಲಿ ನಂಬಿಕೊಂಡಿದೆಯೋ ಆ ಸಾಲುಗಳನ್ನು ಹುಡುಕಿ ತೆಗೆಯುವುದು.